‘ನಿಗುನ್’ ಕೇಳಿದ ಮೇಲೆ ಮುಂದೇನು?

“ಮೇಡಂ, ಯೆಹೂದಿ ಸಂಯೋಜಕ ಅರ್ನೆಸ್ಟ್ ಬ್ಲಾಖ್ ಅವರ ಪಿಟೀಲು ಕೃತಿ ‘ನಿಗುನ್’ ನಮ್ಮ ವಕುಳಾಭರಣ ರಾಗದ ಹಾಗೆ ಕೇಳಿಸ್ತು, ಕರ್ನಾಟಕ ಸಂಗೀತದ ನಮ್ಮ ಪಿಟೀಲಲ್ಲಿ ನುಡಿಸಬಹುದಾ, ಮುಂದೆ ಏನು ಕೇಳಲಿ” ಅಂತ ಬರೆದಿದ್ದೀರಿ.

ನಿಮ್ಮ ಕಿವಿ ಸರಿಯಾದದ್ದನ್ನೇ ಹಿಡಿದಿದೆ. ಯೆಹೂದಿ ಹಾಡುಗಳಲ್ಲಿ ಬಹಳ ಬಳಕೆಯಲ್ಲಿರೋ ‘ಫ್ರೇಗಿಶ್’ ಅನ್ನೋ ಸ್ವರಶ್ರೇಣಿಯ ಸ್ವರಗಳು ಸ ರಿ1 ಗ3 ಮ1 ಪ ದ1 ನಿ2, ಅಂದ್ರೆ ವಕುಳಾಭರಣದ್ದೇ. ‘ಮಿ ಶೆಬೇರಖ್’ ಅನ್ನೋ ಇನ್ನೊಂದು ಶ್ರೇಣಿ ನಮ್ಮ ಹೇಮವತಿ ರಾಗಕ್ಕೆ ಕೂಡುತ್ತೆ. ಆದರೆ ಬ್ಲಾಖ್ ಒಂದೇ ಮೇಳಕ್ಕೆ, ಅಂದ್ರೆ ಒಂದೇ ಸ್ವರಶ್ರೇಣಿಗೆ, ಕಟ್ಟುಬಿದ್ದವರಲ್ಲ, ಸ್ವರದ ನಡೆಯೂ ಬೇರೆ. ದಯವಿಟ್ಟು ರಿಷಭಕ್ಕೆ ಕಂಪಿತ, ಅಂದ್ರೆ ಸ್ವರ ಅಲುಗಿಸೋ ಗಮಕ, ಹಾಕಬೇಡಿ. ಪೂರ್ವ ಯುರೋಪಿನಲ್ಲಿ ಯೆಹೂದಿ ಮದುವೆಮನೆಗಳಲ್ಲಿ ನುಡಿಸೋ ಕ್ಲೆಜ್ಮರ್ ಸಂಗೀತದ ಪಿಟೀಲುಗಾರರಲ್ಲಿ ‘ಕ್ರೆಖ್ಟ್ಸ್’ ಅಂತ ಒಂದು ಕೈಚಳಕ ಇದೆ, ನರಳಿಕೆ ಅಂತ ಅರ್ಥ. ಸ್ವರ ಬಿಡೋ ಹೊತ್ತಿಗೆ ಬೆರಳು ಮೇಲಿನ ಸ್ವರವನ್ನ ಒಂದು ಸಲ ತಾಕುತ್ತೆ, ಕಮಾನು ಅಲ್ಲೇ ತಡೀತದೆ. ಬಿಕ್ಕೋವಾಗ ಗಂಟಲು ಕಟ್ಟುತ್ತಲ್ಲ, ಹಾಗೆ. ನಿಧಾನವಾಗಿ ಅದೊಂದನ್ನೇ ಒಂದು ವಾರ ಸಾಧನೆ ಮಾಡಿ.

ಪಾಶ್ಚಾತ್ಯ ಸ್ವರಲಿಪಿ ನೋಡಿ ನುಡಿಸೋದಾದ್ರೆ ನಾಲ್ಕು ತಂತಿಗಳನ್ನ ನಮ್ಮ ಸ-ಪ-ಸ-ಪ ಬಿಟ್ಟು ಪಾಶ್ಚಾತ್ಯ ಪಿಟೀಲಿನ ಜಿ-ಡಿ-ಎ-ಇ ಶ್ರುತಿಗೆ ತರಬೇಕು. ಹೊಸ ತಂತಿ ಹಾಕಿ. ನಾನು ಹಳೇದನ್ನೇ ಬಿಗಿ ಮಾಡಲು ಹೋಗಿ ಮೇಲಿನ ತಂತಿ ಕಿತ್ತುಕೊಂಡಿದ್ದೆ.

ಕೇಳೋಕೆ ಮೊದಲು ರಷ್ಯದ ಸಂಯೋಜಕ ಪ್ರೊಕೊಫಿಯೆವ್ ಅವರ ‘ಓವರ್ಚರ್ ಆನ್ ಹೀಬ್ರೂ ಥೀಮ್ಸ್’. 1919ರಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ ‘ಜಿಮ್ರೊ’ ಅನ್ನೋ ಯೆಹೂದಿ ವಾದ್ಯವೃಂದ ಕೊಟ್ಟ ಮಟ್ಟುಗಳ ಪುಸ್ತಕ ಇಟ್ಟುಕೊಂಡು ಬರೆದದ್ದು. ಆರೇ ವಾದ್ಯ: ಕ್ಲಾರಿನೆಟ್, ನಾಲ್ಕು ತಂತಿವಾದ್ಯ, ಪಿಯಾನೊ. ಕ್ಲಾರಿನೆಟ್ ಮದುವೆಮನೆಯ ಹಾಗೆ ಕುಣಿಯುತ್ತೆ, ಆಮೇಲೆ ಚೆಲ್ಲೊ (ದಪ್ಪ ದನಿಯ ದೊಡ್ಡ ಪಿಟೀಲು) ಒಂದು ಉದ್ದನೆಯ ಸಾಲು ಎತ್ತಿಕೊಳ್ಳುತ್ತೆ. ಅಲ್ಲಿ ನನಗೆ ಪ್ರತಿ ಸಲ ಕಣ್ಣು ಒದ್ದೆ.

ಪಿಟೀಲುಗಾರ, ಸಂಯೋಜಕ ಅಖ್ರೋನ್ ಅವರ ‘ಹೀಬ್ರೂ ಮೆಲೊಡಿ’ (1911) ಚಿಕ್ಕದು, ಕೂತ ಕಡೆಯೇ ಎರಡು ಸಲ ಕೇಳಿ.

ನೆಲದ ವಾಸನೆ ಬೇಕಂದ್ರೆ ಸಂಯೋಜಕ ಪಾಲ್ ಬೆನ್-ಹಾಯಿಮ್. ಮ್ಯೂನಿಕ್‌ನವರು, 1933ರಲ್ಲಿ ಟೆಲ್ ಅವೀವ್‌ಗೆ ಹೋದರು. ಅಲ್ಲಿ ಯೆಮೆನಿ ಮೂಲದ ಗಾಯಕಿ ಬ್ರಾಖಾ ಜೆಫಿರಾ ಹಾಡುತ್ತಿದ್ದ ಜನಪದ ಮಟ್ಟುಗಳಿಗೆ ಪಿಯಾನೊ ಜೋಡಿಸುತ್ತಾ ಇವರ ಸಂಗೀತವೇ ಬದಲಾಯ್ತು. 1941ರ ಕ್ಲಾರಿನೆಟ್ ಕ್ವಿಂಟೆಟ್‌ನಲ್ಲಿ (ಕ್ಲಾರಿನೆಟ್, ನಾಲ್ಕು ತಂತಿವಾದ್ಯ) ಜರ್ಮನ್ ಸಂಗೀತದ ಕಟ್ಟೂ ಇದೆ, ಬಿಸಿಲಿಗೆ ಬಿಟ್ಟ ಬಯಲೂ ಇದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು.

ಕಡೆಗೆ ‘ನಿಗುನ್’ಗೇ ಬನ್ನಿ. ಬ್ಲಾಖ್ ಅವರ 1923ರ ‘ಬಾಲ್ ಶೇಮ್’ ಅನ್ನೋ ಕೃತಿಯ ಮೂರು ಭಾಗಗಳಲ್ಲಿ ಅದು ನಡುವಿನದು. ನಿಗುನ್ ಅಂದ್ರೆ ‘ಹಸಿದಿಕ್’ ಅನ್ನೋ ಭಕ್ತಿಪಂಥದ ಯೆಹೂದಿಗಳು ಮಾತಿಲ್ಲದೆ ‘ಬಿಮ್ ಬಮ್’ ಅಂತ ಹಾಡಿಕೊಳ್ಳೋ ಮಟ್ಟು. ಅದಕ್ಕೇ ಪಿಟೀಲು ಮುಟ್ಟೋ ಮೊದಲು ಆರಂಭದ ಸಾಲನ್ನ ಬಾಯಲ್ಲಿ ಹಾಡಿ, ಎಲ್ಲಿ ಉಸಿರು ತಗೋತೀರೋ ಅಲ್ಲಿಗೆ ಪೆನ್ಸಿಲಲ್ಲಿ ಗುರುತು ಹಾಕಿಕೊಳ್ಳಿ. ಕಮಾನು ತಿರುಗಿಸೋ ಜಾಗ ಅದೇ.