ಬರಹಗಾರರಿಗೆ ಸಲಹೆ: ಹಟ್ಟಿಯಿಂದಲೇ ಶುರು ಮಾಡಿ

ನಮಸ್ಕಾರ.

ದನಕರುಗಳಿಂದ ಮನುಷ್ಯರಿಗೆ ಬರುವ ಜ್ವರದ ಬಗ್ಗೆ ಕಾರ್ಕಳದಿಂದ ನೀವು ಕಳಿಸಿದ ‘ಬ್ರುಸೆಲ್ಲೋಸಿಸ್: ಎಲ್ಲರೂ ಎಚ್ಚರ!’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಒಂದೂವರೆ ಪುಟ 1887ರ ಮಾಲ್ಟಾ, ಈ ರೋಗಾಣು ಕಂಡುಹಿಡಿದ ಡೇವಿಡ್ ಬ್ರೂಸ್, ಸೈನಿಕರ ಜ್ವರ. ಇದನ್ನು ಯಾರು ಬೇಕಾದರೂ ಬರೆದಾರು. ಕೊನೇ ಪುಟದಲ್ಲಿ ಒಂದು ಸಾಲಿದೆ: ದನ ಏಳನೇ ತಿಂಗಳಲ್ಲಿ ಕಂದು ಹಾಕಿದಾಗ ನೆರೆಮನೆಯ ಅಕ್ಕ ಬರಿಗೈಯಲ್ಲಿ ಮಾಸು ಎಳೆದು ಗೊಬ್ಬರದ ಗುಂಡಿಗೆ ಹಾಕಿದರು. ಲೇಖನ ಇರುವುದೇ ಅಲ್ಲಿ. ಹುಲ್ಲು ಕೊಯ್ಯುವ ಕೈ ಅಲ್ವಾ, ಗೀರು ಇದ್ದೇ ಇರುತ್ತದೆ. ರೋಗಾಣು ತುಂಬಿರುವುದು ಆ ಮಾಸಿನಲ್ಲಿ, ಅದರ ನೀರಿನಲ್ಲಿ. ಗೀರಿನಿಂದ, ಸಿಡಿದರೆ ಕಣ್ಣಿನಿಂದ, ಹಟ್ಟಿ ತೊಳೆಯುವಾಗ ಉಸಿರಿನಿಂದಲೂ ಒಳಗೆ ಹೋಗುತ್ತದೆ. ಇದನ್ನು ನಿಧಾನವಾಗಿ ಬರೆಯಿರಿ. ಆಮೇಲೆ ಅವರಿಗೆ ಬಂದ ಸಂಜೆ ಜ್ವರ, ರಾತ್ರಿ ಬೆವರು, ಸೊಂಟನೋವು. ಮಲೇರಿಯಾ ಅಲ್ಲ, ಇಲಿಜ್ವರ ಅಲ್ಲ ಎಂದು ರಿಪೋರ್ಟ್ ಬಂದ ಮೇಲೂ ಬಿಡದ ಜ್ವರ. ದನ ಕಂದು ಹಾಕಿದ್ದನ್ನು ಡಾಕ್ಟರಿಗೆ ಹೇಳಬೇಕು ಅಂತ ಅವರಿಗೆ ಹೊಳೆಯಿತಾ? ಕೇಳಿ ನೋಡಿ.

‘ಎಲ್ಲರೂ’ ತೆಗೆಯಿರಿ. ಹಟ್ಟಿ ಕೆಲಸದವರು, ಪಶುವೈದ್ಯರು, ಕಸಾಯಿಖಾನೆಯವರು, ಲ್ಯಾಬಿನವರು, ಇವರಿಗೆ ಅಪಾಯ ಜಾಸ್ತಿ. ಹೆಣ್ಣುಗರುಗಳಿಗೆ ಈ ರೋಗದ ಲಸಿಕೆ ಹಾಕುವಾಗ ಸೂಜಿ ತಮಗೇ ಚುಚ್ಚಿಕೊಂಡವರಿಗೂ ಬರಬಹುದು, ಅದು ಜೀವಂತ ರೋಗಾಣುವಿನ ಲಸಿಕೆ. ನೀವದನ್ನು ಬಿಟ್ಟಿದ್ದೀರಿ. ‘ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೂ ಹರಡುತ್ತದೆ’ ಎಂದಿದ್ದೀರಿ, ತಪ್ಪು. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ಮನೆಮಂದಿಗೆಲ್ಲ ಬಂದಿದ್ದರೆ ಎಲ್ಲರೂ ಒಂದೇ ಹಸಿ ಹಾಲು ಕುಡಿದಿರಬಹುದು.

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಅದರ ಬಗ್ಗೆ ಸುಮ್ನೆ ಹೆದರಿಸಬೇಡಿ. ಹಟ್ಟಿಯ ಹಾಲಾದರೂ ಚೆನ್ನಾಗಿ ಕುದಿಸಿದರೆ ತೊಂದರೆಯಿಲ್ಲ. ಆದರೆ ಪಂಚಾಮೃತಕ್ಕೆ ಕಾಯಿಸದ ಹಾಲು ಹಾಕುವ ಮನೆಗಳಿವೆ. ಓದುವವರಿಗೆ ಬೇಜಾರಾದೀತು ಎಂದು ಆ ವಿಷಯ ಮುಟ್ಟಿಲ್ಲವೇನೋ. ಮುಟ್ಟಿ. ಬೈಗುಳ ಬಂದರೆ ನನಗೆ ಬರಲಿ.

ಚಿಕಿತ್ಸೆಗೆ ಎರಡು ಸಾಲು ಸಾಕು. ಸಾಮಾನ್ಯವಾಗಿ ಎರಡು ಬಗೆಯ ಔಷಧ, 6 ವಾರ. ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ಮತ್ತೆ ಬರಬಹುದು.

ತಿದ್ದಿ ಕಳಿಸಿ. ಅಕ್ಕನ ಹೆಸರು, ಊರು ಮಾತ್ರ ಬೇಡ. ಗೊತ್ತಾದರೆ ಮರುದಿನದಿಂದ ಅವರ ಹಾಲನ್ನು ಯಾರೂ ತೆಗೆದುಕೊಳ್ಳಲಿಕ್ಕಿಲ್ಲ.