ಪಕ್ಕವಾದ್ಯದಲ್ಲಿ ಕೋಲ್‌ಮನ್ ಹಾಕಿನ್ಸ್

ಪ್ರಶ್ನೆ: ಚೋರ್ ಬಜಾರಿನಲ್ಲಿ ಕೊಂಡ ಹಳೆಯ ಜಾಝ್ ರೆಕಾರ್ಡುಗಳಲ್ಲಿ ಸ್ಯಾಕ್ಸೊಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ ಅವರ ಹೆಸರು ಬೇರೆಯವರ ತಂಡಗಳಲ್ಲಿಯೂ ಕಾಣುತ್ತದೆ. ಇಳಿವಯಸ್ಸಿನ ಈ ಪಕ್ಕವಾದ್ಯ ಕೇಳಲು ಯೋಗ್ಯವೇ?
— ಓದುಗರೊಬ್ಬರು, ಮಾಟುಂಗಾ, ಮುಂಬಯಿ

ಉತ್ತರ: ಖಂಡಿತವಾಗಿ. ಅವರ 1939ರ ಧ್ವನಿಮುದ್ರಣ 'ಬಾಡಿ ಅಂಡ್ ಸೋಲ್' ಒಂದನ್ನೇ ಹೊಗಳುವವರು, 1957ರಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ತಂಡದಲ್ಲಿ ಅವರು ತಮಗಿಂತ ಬಹಳ ಕಿರಿಯರಾದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜತೆ ನುಡಿಸಿದ್ದನ್ನು ಮರೆಯುತ್ತಾರೆ. ನನಗಂತೂ ಅದಕ್ಕಿಂತಲೂ ಮಿಗಿಲೆನಿಸುವುದು, 1960ರಲ್ಲಿ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಧ್ವನಿಮುದ್ರಿಸಿದ, ಗುಲಾಮರ ಮೇಲ್ವಿಚಾರಕನನ್ನು ಕುರಿತ 'ಡ್ರೈವಾ ಮ್ಯಾನ್'. ನಮ್ಮ ಖಂಡನಡೆಯನ್ನು ನೆನಪಿಸುವ ಐದೆಣಿಕೆಯ ಲಯದಲ್ಲಿ, ಚಾಟಿಯೇಟಿನಂತೆ ಬೀಳುವ ಪೆಟ್ಟುಗಳ ನಡುವೆ, ಹಾಕಿನ್ಸ್ ಅವರ ವಾದ್ಯ ಒಮ್ಮೆ ಕಿರ್ರೆಂದು ಅಪಸ್ವರ ನುಡಿಯುತ್ತದೆ. ಅದನ್ನು ಕತ್ತರಿಸಿ ಸರಿಪಡಿಸುವ ಮಾತು ಬಂದಾಗ, ಬೇಡವೆಂದು ಪಟ್ಟುಹಿಡಿದವರು ಸ್ವತಃ ಹಾಕಿನ್ಸ್.