ಮ್ಯೂಸಿಕ್ ವಿಡಿಯೋಗಳಲ್ಲಿ ಎಷ್ಟು ಬಗೆ? ಅವು ನಮ್ಮನ್ನು ಹಿಡಿದಿಡುವುದು ಹೇಗೆ?

ಬಗೆಗಳು ಹಲವು. ಒಂದೇ ವಿಡಿಯೋದಲ್ಲಿ ಎರಡು-ಮೂರು ಬೆರೆತಿರುವುದೇ ಜಾಸ್ತಿ.

ಹಾಡುವವರನ್ನೇ ತೋರಿಸುವುದು ಎಲ್ಲಕ್ಕಿಂತ ಸರಳ. ಮುಖ, ಬೆವರು, ತಂತಿ ಮೇಲಿನ ಬೆರಳು ಹತ್ತಿರದಿಂದ ಕಂಡರೆ ಎದುರಿಗೇ ಕೂತಂತೆ ಅನಿಸುತ್ತದೆ. ಕಥೆ ಇರುವ ವಿಡಿಯೋ ಕುತೂಹಲದಿಂದ ಕೂರಿಸುತ್ತದೆ. 1983ರಲ್ಲಿ ಬಂದ ಮೈಕಲ್ ಜಾಕ್ಸನ್ ಅವರ 'ಥ್ರಿಲ್ಲರ್' ಸುಮಾರು 14 ನಿಮಿಷದ್ದು, ಹೆಚ್ಚುಕಡಿಮೆ ಕಿರುಚಿತ್ರವೇ.

ನನಗೆ ತುಂಬಾ ಇಷ್ಟ ಒಂದೇ ಶಾಟ್‌ನಲ್ಲಿ ತೆಗೆದವು. 2006ರಲ್ಲಿ ಓಕೆ ಗೋ ತಂಡದ ನಾಲ್ವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದರು. ಕ್ಯಾಮೆರಾ ಅಲುಗಾಡುವುದಿಲ್ಲ, ಕಟ್ ಇಲ್ಲ. ಒಬ್ಬ ಓಡುವ ಬೆಲ್ಟ್‌ನಿಂದ ಪಕ್ಕದ್ದಕ್ಕೆ ಜಾರುವಾಗ 'ಬಿದ್ದೇಬಿಟ್ಟ' ಅಂತ ಎದೆ ಝಲ್ಲೆನ್ನುತ್ತದೆ. ನಡುವೆ ಕಟ್ ಇದ್ದಿದ್ದರೆ ಆ ಭಯ ಇರುತ್ತಿತ್ತಾ? ದುಬಾರಿ ಸೆಟ್ಟೂ ಬೇಕಾಗಲಿಲ್ಲ, ಬೇಕಾಗಿದ್ದು ಬರೀ ಅಭ್ಯಾಸ.

ಅನಿಮೇಷನ್‌ನದು ಬೇರೆ ಮೋಡಿ. 1985ರ ಆ-ಹಾ ತಂಡದ ವಿಡಿಯೋದಲ್ಲಿ ನಿಜವಾದ ನಟರು ಪೆನ್ಸಿಲ್ ಚಿತ್ರಗಳಾಗುತ್ತಾರೆ. ಒಂದೊಂದು ಫ್ರೇಮನ್ನೂ ಕೈಯಲ್ಲಿ ಬಿಡಿಸಿದ್ದರಿಂದ ಗೆರೆಗಳು ಸದಾ ನಡುಗುತ್ತಿರುತ್ತವೆ. ಆ ನಡುಕವೇ ಚಂದ.

ಲಿರಿಕ್ ವಿಡಿಯೋ ಗೊತ್ತೇ ಇದೆ: ಪರದೆ ಮೇಲೆ ಬರುವ ಹಾಡಿನ ಸಾಲು ಓದುತ್ತಾ ನಾವೂ ಗುನುಗುತ್ತೇವೆ. ಡ್ಯಾನ್ಸ್ ವಿಡಿಯೋಗಳಲ್ಲಿ ಯಾರು ಬೇಕಾದರೂ ಕಲಿಯಬಹುದಾದ ಒಂದು ಹೆಜ್ಜೆ ಇದ್ದರೆ, ಜನ ತಾವೇ ಕುಣಿದು ವಿಡಿಯೋ ಹಾಕುತ್ತಾರೆ.

ಇನ್ನೊಂದು ಗುಟ್ಟು ಎಡಿಟಿಂಗ್‌ನದು. ತಾಳ ಬೀಳುವಾಗಲೇ ದೃಶ್ಯ ಬದಲಾದರೆ ಕಾಲು ತಾನಾಗೇ ಕುಣಿಯುತ್ತದೆ. ಪ್ರತಿ ತಾಳಕ್ಕೂ ಹಾಗೇ ಮಾಡಿದರೆ ಮಾತ್ರ ಸುಮ್ನೆ ತಲೆನೋವು.